ಮೊದಲು ಅಂಗಡಿ, ಆಮೇಲೆ ಕಾನೂನು

2022ರ ಜೂನ್ 9ರಂದು ಥಾಯ್ಲೆಂಡ್ ಗಾಂಜಾ ಗಿಡವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಏಷ್ಯಾದಲ್ಲಿ ಬೇರಾವ ದೇಶವೂ ಅಷ್ಟು ದೂರ ಹೋಗಿರಲಿಲ್ಲ. ಆಗಿನ ಆರೋಗ್ಯ ಸಚಿವ ಅನುತಿನ್ ಚಾರ್ನ್‌ವಿರಾಕುಲ್ ಮನೆಗಳಿಗೆ 10 ಲಕ್ಷ ಸಸಿ ಹಂಚುವುದಾಗಿ ಸಾರಿದ್ದರು. ಇದು ಔಷಧಿಯ ಗಿಡ, ರೈತರ ಕೈಗೆ ಕಾಸು ತರುವ ಬೆಳೆ ಎಂಬುದು ಅವರ ಪಕ್ಷದ ಪ್ರಚಾರ. ಗಾಂಜಾ ಪ್ರಕರಣಗಳಲ್ಲಿ ಸೆರೆಯಲ್ಲಿದ್ದ 3,000ಕ್ಕೂ ಹೆಚ್ಚು ಮಂದಿ ಹೊರಬಂದರು. ಮೂರು ವರ್ಷ ಕಳೆದು, 2025ರ ಜೂನ್ ಕೊನೆಗೆ, ಅದೇ ಇಲಾಖೆಯ ಹೊಸ ಸಚಿವ ಸೋಮ್ಸಕ್ ಥೇಪ್ಸುತಿನ್ ವೈದ್ಯರ ಚೀಟಿ ಇಲ್ಲದೆ ಗಾಂಜಾ ಹೂವು ಮಾರಕೂಡದೆಂದು ಆದೇಶ ಹೊರಡಿಸಿದರು. ಅಷ್ಟು ಹೊತ್ತಿಗೆ ದೇಶದ ತುಂಬ ಸುಮಾರು 18,000 ಅಂಗಡಿಗಳು ಎದ್ದಿದ್ದವು.

ನಿಷೇಧ ಬೇಕೆನ್ನುವವರಿಗೆ ಈ ಕಥೆ ಬಾಯಿಗೆ ಬಂದ ಸಕ್ಕರೆ: ಬಾಗಿಲು ತೆರೆದರೆ ಆಗುವುದೇ ಹೀಗೆ ಎನ್ನುತ್ತಾರೆ. ನಿಷೇಧ ಬೇಡವೆನ್ನುವವರು ಎಲ್ಲವನ್ನೂ ರಾಜಕೀಯದ ತಲೆಗೆ ಕಟ್ಟುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಅನುತಿನ್ ಅವರ ಭೂಮ್‌ಜಾಯ್‌ಥಾಯ್ ಪಕ್ಷ ಸಮ್ಮಿಶ್ರ ಸರ್ಕಾರದಿಂದ ಹೊರನಡೆದ ಒಂದೇ ವಾರಕ್ಕೆ ಆ ಆದೇಶ ಬಂತು. ಆದರೆ ಇಬ್ಬರೂ ನಡುವಿನ ಮೂರು ವರ್ಷಗಳನ್ನು ಹಾರಿಸಿಬಿಡುತ್ತಾರೆ. ಪಾಠ ಇರುವುದು ಅಲ್ಲಿ.

ಹಳೆಯ ಕಾನೂನು ಹೋದ ದಿನ ಅದರ ಜಾಗಕ್ಕೆ ಹೊಸದು ಬಂದಿರಲಿಲ್ಲ. ಶೇ 0.2ಕ್ಕಿಂತ ಹೆಚ್ಚು ಟಿಎಚ್‌ಸಿ, ಅಂದರೆ ಅಮಲೇರಿಸುವ ಅಂಶ, ಇರುವ ಸಾರಕ್ಕೆ ಮಾತ್ರ ನಿಷೇಧ ಉಳಿಯಿತು. ಹೂವಿಗೆ ತಡೆಯಿಲ್ಲ. ಒಂದು ವಾರದೊಳಗೆ ಬ್ಯಾಂಕಾಕ್‌ನ ಆಸ್ಪತ್ರೆಗಳಿಗೆ ಹದಿಹರೆಯದ ಹುಡುಗರು ಬಂದರು. ನಗರದ ಗವರ್ನರ್ ಚಾಡ್‌ಚಾರ್ಟ್ ತಮ್ಮ ಆಡಳಿತದ ಶಾಲೆಗಳನ್ನು ಗಾಂಜಾಮುಕ್ತವೆಂದು ಘೋಷಿಸಬೇಕಾಯಿತು. 20 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಮಾರಬಾರದೆಂಬ ನಿಯಮ ಆಮೇಲೆ ಅವಸರದಲ್ಲಿ ಬಂದ ತೇಪೆ. ಎಲ್ಲವನ್ನೂ ಒಂದು ಚೌಕಟ್ಟಿಗೆ ತರಬೇಕಿದ್ದ ಮಸೂದೆ ಪಕ್ಷಗಳ ಜಗಳದಲ್ಲಿ ಸಿಕ್ಕಿ, 2023ರ ಚುನಾವಣೆಗೆ ಮುನ್ನ ಸಂಸತ್ತಿನಲ್ಲೇ ಸತ್ತಿತು. ಅಂಗಡಿಗಳು ಅದಕ್ಕಾಗಿ ಕಾಯಲಿಲ್ಲ. ವಿದೇಶಿ ಪ್ರವಾಸಿಗರು ತುಂಬಿ ತುಳುಕುವ ಖಾವೋ ಸಾನ್ ಬೀದಿಯಲ್ಲಿ ಹಸಿರು ಎಲೆಯ ಫಲಕಗಳು ಸಾಲುಗಟ್ಟಿದವು. ಔಷಧಿಯ ಹೆಸರಲ್ಲಿ ಹುಟ್ಟಿದ್ದು ಮೋಜಿನ ಮಾರುಕಟ್ಟೆಯಾಯಿತು.

ಸೆರೆಮನೆಯಿಂದ ಆ ಜನರನ್ನು ಬಿಟ್ಟದ್ದು ಸರಿ. ಅದನ್ನು ಒತ್ತಿ ಹೇಳಬೇಕು, ಯಾಕೆಂದರೆ ಶಿಕ್ಷೆಯೂ ಸಮಾಜದ ಆರೋಗ್ಯವನ್ನು ಕೆಡಿಸುತ್ತದೆ. 2003ರಲ್ಲಿ ಇದೇ ಥಾಯ್ಲೆಂಡ್ ನಡೆಸಿದ ಮಾದಕ ವಸ್ತು ವಿರೋಧಿ ಸಮರದ ಮೊದಲ ತಿಂಗಳುಗಳಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದಲ್ಲಿ ಕರಿಯರೂ ಬಿಳಿಯರೂ ಗಾಂಜಾ ಸೇದುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಆದರೆ ಅದನ್ನು ಇಟ್ಟುಕೊಂಡ ಆರೋಪದಲ್ಲಿ ಕರಿಯರ ಬಂಧನ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2013ರಲ್ಲಿ ತೋರಿಸಿತು. ಇಂಥ ಕಾನೂನನ್ನು ಸಮರ್ಥಿಸುವುದು ಕಷ್ಟ.

ಹಾಗೆಂದು ಜೈಲಿನಿಂದ ಬಿಡಿಸಿದ ಗಿಡವನ್ನು ವ್ಯಾಪಾರಿಯ ಕೈಗೆ ಕೊಡಬೇಕೆಂದೇನೂ ಇಲ್ಲ. ಅಪರೂಪಕ್ಕೆ ಸೇದುವವನಿಂದ ಯಾವ ಅಂಗಡಿಯೂ ಬದುಕದು. ಅದನ್ನು ಸಾಕುವವನು ದಿನಾ ಸೇದುವವನು. ಅಮೆರಿಕದಲ್ಲಿ 1992ರಲ್ಲಿ ದಿನವೂ ಅಥವಾ ಬಹುತೇಕ ದಿನವೂ ಗಾಂಜಾ ಬಳಸುತ್ತೇವೆ ಎಂದವರು ಸುಮಾರು 9 ಲಕ್ಷ. 2022ರಲ್ಲಿ ಅವರು 1.77 ಕೋಟಿ. ದಿನವೂ ಅಥವಾ ಬಹುತೇಕ ದಿನವೂ ಮದ್ಯ ಕುಡಿಯುವವರ ಸಂಖ್ಯೆಯನ್ನೂ, ಅಂದರೆ 1.47 ಕೋಟಿಯನ್ನು, ಅದು ಮೀರಿತು. ಜನ ಈಗ ಹೆದರದೆ ಒಪ್ಪಿಕೊಳ್ಳುತ್ತಿರುವುದೂ ಈ ಏರಿಕೆಯ ಒಂದು ಪಾಲು ಇರಬಹುದು. ಆದರೂ ಇಷ್ಟು ದೊಡ್ಡ ಜಿಗಿತವನ್ನು ಅದೊಂದರಿಂದಲೇ ವಿವರಿಸಲಾಗದು. ಅಮಲಿನ ತೀವ್ರತೆಯೂ ಏರಿದೆ. ಅಲ್ಲಿ ಜಪ್ತಿಯಾದ ಗಾಂಜಾದಲ್ಲಿ 1995ರಲ್ಲಿ ಸುಮಾರು ಶೇ 4ರಷ್ಟಿದ್ದ ಟಿಎಚ್‌ಸಿ 2014ಕ್ಕೆ ಶೇ 12ಕ್ಕೆ ಮುಟ್ಟಿತ್ತು. ಯುರೋಪಿನ ಹಲವು ನಗರಗಳನ್ನೊಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಗಾಂಜಾವನ್ನು ದಿನವೂ ಬಳಸುವವರಲ್ಲಿ ಚಿತ್ತವಿಕಲತೆಯ ಸಾಧ್ಯತೆ ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಕಂಡಿತು. ಮಕ್ಕಳ ವಿಷಯವಂತೂ ಇನ್ನೂ ಕಳವಳದ್ದು. ಗಾಂಜಾ ಬೆರೆಸಿದ ಮಿಠಾಯಿ, ಚಾಕೊಲೇಟ್ ತಿಂದ ಆರು ವರ್ಷದೊಳಗಿನ ಮಕ್ಕಳ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2017ರಲ್ಲಿ ಬಂದ ವರದಿಗಳು 207, 2021ರಲ್ಲಿ 3,054. ಮನೆಯ ಮೇಜಿನ ಮೇಲಿನ ಬಣ್ಣದ ಪೊಟ್ಟಣವನ್ನು ಮೂರು ವರ್ಷದ ಮಗು ಮಿಠಾಯಿ ಎಂದಲ್ಲದೆ ಬೇರೇನೆಂದು ತಿಳಿದೀತು?

ಕೆನಡಾ 2018ರ ಅಕ್ಟೋಬರ್ 17ರಂದು ಗಾಂಜಾವನ್ನು ಕಾನೂನುಬದ್ಧಗೊಳಿಸಿತು. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಮಾರಾಟ ಸರ್ಕಾರಿ ಮಳಿಗೆಗಳಲ್ಲಿ ಮಾತ್ರ. 21 ವರ್ಷ ತುಂಬಿರಬೇಕು. ಮಿಠಾಯಿ, ಚಾಕೊಲೇಟ್ ರೂಪದ ಗಾಂಜಾಕ್ಕೆ ಅವಕಾಶವಿಲ್ಲ. ಒಂಟಾರಿಯೊ, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾಗಳು ಇಂಥ ತಿನಿಸುಗಳಿಗೆ ಅವಕಾಶ ಕೊಟ್ಟವು. ಹತ್ತು ವರ್ಷದೊಳಗಿನ ಮಕ್ಕಳು ಗಾಂಜಾ ವಿಷವೇರಿ ಆಸ್ಪತ್ರೆ ಸೇರುವುದು ತಿನಿಸು ಬಂದ ಮೇಲೆ ಆ ಮೂರು ಪ್ರಾಂತ್ಯಗಳಲ್ಲಿ ಮತ್ತೆ ಜೋರಾಗಿ ಏರಿತು, ಕ್ವಿಬೆಕ್‌ನಲ್ಲಿ ಹಾಗೆ ಏರಲಿಲ್ಲ. ದೇಶ ಒಂದೇ, ಕಾಯ್ದೆ ಒಂದೇ; ಮಾರುವವರು ಬೇರೆ, ಮಾರುವ ಸರಕೂ ಬೇರೆ.

ಭಾರತದಲ್ಲಿ ಈ ಚರ್ಚೆ ಹತ್ತಿರ ಬಂದಿದೆ. ಔಷಧಿ, ಉದ್ಯಮಗಳಿಗಾಗಿ ಗಾಂಜಾ ಬೆಳೆಯಲು ಬಿಡಬೇಕೆಂಬ ಸಮಿತಿ ವರದಿಯನ್ನು ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಒಪ್ಪಿತು. ಶಿವನ ಪ್ರಸಾದಕ್ಕೆ ಯಾಕೆ ಕಾನೂನು ಎಂದು ಕೇಳುವವರೂ ಇದ್ದಾರೆ. ಆದರೆ ಆ ಪ್ರಸಾದಕ್ಕೆ, ಅಂದರೆ ಭಂಗಿಗೆ, ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ ವಿನಾಯಿತಿ ಇದೆ: ತುದಿಯ ಹೂವಿಲ್ಲದ ಎಲೆ, ಬೀಜ ಅದರ ವ್ಯಾಪ್ತಿಗೆ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ ಈ ವ್ಯತ್ಯಾಸವನ್ನು ಎತ್ತಿಹಿಡಿಯಿತು. ಅಜ್ಜಂದಿರು ಶಿವರಾತ್ರಿಗೆ ಅರೆದು ಕುಡಿದ ಸೊಪ್ಪಿನ ನೆನಪನ್ನು ಮುಂದಿಟ್ಟು ಇಂದಿನ ಹೈಡ್ರೋ ಗಾಂಜಾಕ್ಕೆ ಪರವಾನಗಿ ಕೇಳುವುದು ಜನರಿಗೆ ಮಾಡುವ ಮೋಸ.

ಹೈಡ್ರೋ ಗಾಂಜಾ, ಎಂದರೆ ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ, ದೀಪದ ಬೆಳಕಿನಲ್ಲಿ ಬೆಳೆಸಿದ್ದು, ಬೆಂಗಳೂರಿಗೆ ಈಗಾಗಲೇ ಬಂದಾಗಿದೆ. ಬ್ಯಾಂಕಾಕ್‌ನಿಂದ ಬಂದಿಳಿದವರ ಸೂಟ್‌ಕೇಸುಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಅದನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದಾರೆ. 20 ಕಿಲೋ ದಾಟಿದರೆ ಸೂಟ್‌ಕೇಸ್ ಹೊತ್ತವರಿಗೆ ಕನಿಷ್ಠ 10 ವರ್ಷ ಸಜೆ. ಹಿಂದಿರುವ ಹಣವಂತರು ಸಿಕ್ಕಿಬೀಳುವುದು ಅಪರೂಪ.

ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಗಾಂಜಾ, ಚರಸ್, ಭಂಗಿಗಳ ಬಳಕೆಯಿಂದಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು 72 ಲಕ್ಷ. ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ಬಿಡುಗಡೆ ಕೊಡುವ ಸೆಕ್ಷನ್ 64ಎ ಅದೇ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ಅಂಗಡಿಯ ಚರ್ಚೆಗೆ ಮೊದಲು ಆಗಬೇಕಾದ ಕೆಲಸ ಇದು: ಹುಡುಗನನ್ನು ಠಾಣೆಗೆ ಕರೆತಂದ ದಿನವೇ ಅವನಿಗೂ ಅವನ ತಾಯಿಗೂ ಈ ಸೆಕ್ಷನ್ ಇದೆಯೆಂದು ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಗುವಂಥ ವ್ಯಸನ ಚಿಕಿತ್ಸೆ ರಾಯಚೂರಿನ ಹುಡುಗನಿಗೆ ರಾಯಚೂರಿನಲ್ಲೇ ಸಿಗಬೇಕು.