ನಳಿಗೆಯೊಳಗಿನ ಬಣ್ಣ

ಮೊಮ್ಮಗನನ್ನು ವೈಟ್‌ಫೀಲ್ಡ್ ಕಡೆ ಪೇಂಟ್‌ಬಾಲ್ ಆಡಿಸಲು ಕರೆದೊಯ್ದಿದ್ದೆ. ನಾನು ಬಲೆಯ ಈಚೆ ಕಡಲೇಕಾಯಿ ತಿನ್ನುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವನ ಗುಂಡುಗಳೆಲ್ಲ ಸೊಟ್ಟಗೆ ಹೋಗತೊಡಗಿದವು. "ತಾತ, ಇದು ಕೆಟ್ಟಿದೆ" ಎನ್ನುತ್ತಾ ಹೊರಬಂದವನೇ ಮುಖವಾಡ ತೆಗೆದು ನಳಿಗೆಯೊಳಗೆ ಇಣುಕಲು ಹೋದ. ನನ್ನ ಎದೆ ಧಸಕ್ಕೆಂದಿತು, ಕೈ ಹಿಡಿದೆಳೆದೆ. ಮಕ್ಕಳೇ, ಆ ಗುಂಡು ಸೆಕೆಂಡಿಗೆ 90 ಮೀಟರ್‌ವರೆಗೂ ಹಾರುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು! (ಇದು ಮೊದಲು ಆಟದ ಸಾಮಾನೇ ಅಲ್ಲ. ಅಮೆರಿಕದಲ್ಲಿ ಮರಗಳಿಗೆ ಗುರುತು ಹಾಕಲು ಬಳಸುತ್ತಿದ್ದರು, ಆಟವಾದದ್ದು 1981ರಲ್ಲಿ.)

ಅಲ್ಲಿನ ಹುಡುಗ ಓಡಿಬಂದ. ಮೊದಲು ಗುಂಡಿನ ಡಬ್ಬಿ ತೆಗೆದ, ಗಾಳಿಯ ಸಿಲಿಂಡರ್ ಬಿಚ್ಚಿದ, ಉಳಿದ ಗಾಳಿಯನ್ನು ನೆಲದ ಕಡೆ ಖಾಲಿ ಮಾಡಿದ. ಆಮೇಲಷ್ಟೇ ನಳಿಗೆ ತಿರುಗಿಸಿ ಬಿಡಿಸಿದ. ಒಳಗೆ ಗುಂಡೊಂದು ಒಡೆದು ಬಣ್ಣ ಮೆತ್ತಿತ್ತು. ಸಿಪ್ಪೆ ಜೆಲಟಿನ್‌ನದು, ಮೀನೆಣ್ಣೆ ಮಾತ್ರೆಯ ಹಾಗೆ. ನೀರು ಬಿಟ್ಟು, ಬಟ್ಟೆ ತೂರಿಸಿ ಎಳೆದರೆ ಸಾಕು.

ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಅಭ್ಯಾಸ ನೋಡಿ, "ಒಂದು ತೊಟ್ಟು ಎಣ್ಣೆ ಬಿಡಪ್ಪ" ಎಂದೆ.

"ಬೇಡ ಸಾರ್, ಎಣ್ಣೆ ಇದ್ದರೂ ಸೊಟ್ಟ ಹೋಗುತ್ತೆ. ಒದ್ದೆ ಇದ್ದರೆ ಸಿಪ್ಪೆ ಮೆತ್ತಗಾಗಿ ಮತ್ತೆ ಒಡೆಯುತ್ತೆ" ಎಂದ. ನಾನು ಸುಮ್ಮನೆ ಕಡಲೇಕಾಯಿಗೆ ಕೈ ಹಾಕಿದೆ.

ಒರೆಸಿ ಒಣಗಿಸಿದ ಬರೀ ನಳಿಗೆಯನ್ನು ಈಗ ಅವನೇ ಮೊಮ್ಮಗನ ಕೈಗೆ ಕೊಟ್ಟ. "ತಾತ, ಆಕಾಶ ದುಂಡಗೆ ಕಾಣ್ತಿದೆ!"