ದಂತದ ಮಂಚ ಮತ್ತು ಅನುಮೋದನೆಯ ಪಾಪ

ಇಂದಿನ ಇರಾಕಿನ ನಿಮ್ರುದ್ ಎಂಬಲ್ಲಿ, ಪುರಾತನ ಅಸ್ಸೀರಿಯಾದ ರಾಜಧಾನಿ ಕಲ್ಹುವಿನ ಅವಶೇಷಗಳ ನಡುವೆ, 1949ರಿಂದ 1963ರವರೆಗೆ ನಡೆದ ಉತ್ಖನನದಲ್ಲಿ ಸಾವಿರಾರು ದಂತದ ಕೆತ್ತನೆಗಳು ದೊರೆತವು. ಅವುಗಳಲ್ಲಿ ಬಹುಪಾಲು ಮಂಚ, ಪೀಠಗಳನ್ನು ಅಲಂಕರಿಸಿದ್ದ ಫಲಕಗಳು. ಕರುವಿಗೆ ಹಾಲೂಡುವ ಹಸುವಿನ ಚಿತ್ರ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಲಾಲಿತ್ಯವನ್ನು ಲೋಕವೆಲ್ಲ ಕೊಂಡಾಡುತ್ತದೆ. ಆದರೆ ಆ ವಾತ್ಸಲ್ಯವನ್ನು ಕೆತ್ತಲು ಎಷ್ಟು ಆನೆಮರಿಗಳು ತಾಯಿಯನ್ನು ಕಳೆದುಕೊಂಡವು ಎಂದು ಕೇಳುವವರು ವಿರಳ.

ಎರಡನೆಯ ಅಶುರ್‌ನಾಸಿರ್‌ಪಾಲನು (ಕ್ರಿ.ಪೂ. 883–859) ತನ್ನ ಹೊಸ ಅರಮನೆಯ ಪ್ರವೇಶೋತ್ಸವದಲ್ಲಿ 69,574 ಮಂದಿಗೆ ಉಣಬಡಿಸಿದುದನ್ನು ಶಿಲಾಶಾಸನದಲ್ಲಿ ಬರೆಸಿದನು. ಅದೇ ಶಾಸನದಲ್ಲಿ 30 ಆನೆಗಳನ್ನು ಬೇಟೆಯಾಡಿದ ಹೆಮ್ಮೆಯೂ ಇದೆ. ಮುಂದಿನ ಕೆಲವೇ ಶತಮಾನಗಳಲ್ಲಿ ಸಿರಿಯಾದ ಆನೆಗಳ ಕುಲವೇ ಅಳಿದುಹೋಯಿತು.

ಅಂದಿನ ಕಾಲವನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕ್ರಿ.ಪೂ. ಎಂಟನೆಯ ಶತಮಾನದಲ್ಲಿಯೇ ಇಸ್ರೇಲಿನ ಪ್ರವಾದಿ ಆಮೋಸನು ದಂತದ ಮಂಚಗಳ ಮೇಲೆ ಒರಗಿದ ಸಿರಿವಂತರನ್ನು ಕಟುವಾಗಿ ಖಂಡಿಸಿದ್ದನು. ಅವನ ಖಂಡನೆ ಆನೆಗಳ ಪರವಾದುದಲ್ಲ, ಭೋಗದ ವಿರುದ್ಧವಾದುದು, ನಿಜ. ಆದರೂ ಆ ವೈಭವ ಅಂದೇ ಪ್ರಶ್ನಾತೀತವಾಗಿರಲಿಲ್ಲ.

ಇನ್ನೂ ಒಂದು ಸಂಗತಿಯಿದೆ. ಈ ಕೆತ್ತನೆಗಳಲ್ಲಿ ಹೆಚ್ಚಿನವು ಅಸ್ಸೀರಿಯನ್ನರ ಕೈಕೆಲಸವಲ್ಲ. ಫಿನೀಷಿಯ, ಸಿರಿಯಾಗಳ ನಗರಗಳಿಂದ ಕಪ್ಪವಾಗಿಯೂ ಕೊಳ್ಳೆಯಾಗಿಯೂ ಬಂದವು. ಕಲ್ಹುವಿನ ಕೋಟೆಯ ಉಗ್ರಾಣಗಳಲ್ಲಿ ಅವು ರಾಶಿ ರಾಶಿಯಾಗಿ ಬಿದ್ದಿದ್ದವು. ಕ್ರಿ.ಪೂ. 612ರ ವೇಳೆಗೆ ಶತ್ರುಗಳು ನಗರವನ್ನು ಸೂರೆಗೈದಾಗ ಚಿನ್ನದ ತಗಡನ್ನು ಸುಲಿದುಕೊಂಡು ದಂತವನ್ನು ಎಸೆದು ಹೋದರು. ಪ್ರಾಣಿಯ ಜೀವ ತೆತ್ತು ಪಡೆದುದು ಕಸವಾಯಿತು. ಪರಿಗ್ರಹದ ಗತಿ ಇದಲ್ಲದೆ ಬೇರೇನು?

ನಮ್ಮ ಶ್ರಾವಕಾಚಾರವು 15 ಖರಕರ್ಮಗಳಲ್ಲಿ ದಂತವಾಣಿಜ್ಯವನ್ನೂ ಎಣಿಸಿದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಹಿಂಸೆಯ ಪಾಪ ಬರುತ್ತದೆಂಬುದು ನಾವು ಬಾಲ್ಯದಿಂದ ಕೇಳಿದ ಮಾತು. ಭಾರತದ ಕಾಯಿದೆ 1986ರಲ್ಲಿ ದಂತದ ವ್ಯಾಪಾರಕ್ಕೆ ತಡೆಯೊಡ್ಡಿತು. ಮೋಹಕ್ಕೆ ತಡೆಯೊಡ್ಡುವ ಕಾಯಿದೆಯಿಲ್ಲ. ವಸ್ತುಸಂಗ್ರಹಾಲಯದ ಫಲಕವನ್ನಾಗಲಿ ಹಿರಿಯರಿಂದ ಬಂದ ದಂತದ ಪೆಟ್ಟಿಗೆಯನ್ನಾಗಲಿ ಮಕ್ಕಳಿಗೆ ತೋರಿಸುವಾಗ ಕುಶಲಿಯ ಕೈಯನ್ನು ಹೊಗಳೋಣ. ಆನೆಯ ಸಾವನ್ನೂ ತಪ್ಪದೆ ಹೇಳೋಣ. ಅದನ್ನು ಮರೆಮಾಚಿದ ಹೊಗಳಿಕೆಯೇ ಅನುಮೋದನೆ. ಮಂದಿರಗಳ ವಿಶ್ವಸ್ತರೂ ಇದನ್ನು ಮನಗಾಣಲಿ: ದಂತದ ಕಾಣಿಕೆಯಿಂದ ಜಿನಾಲಯದ ಶೋಭೆ ಹೆಚ್ಚದು.