ಊತ ಇಳಿದರೆ ಕಾಲು ಸರಿಯಾಯಿತೇ?

ಕಳೆದ ವರ್ಷ ದುಬೈಯ ನಮ್ಮ ಆಫೀಸಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡೆವು. ಸಂಬಳ ಕಟ್ ಆಗುತ್ತೆ ಅಂತ ಹೆದರಿ, ಊತ ಇಳಿದ ಕೂಡಲೇ ಡ್ಯೂಟಿಗೆ ಹೋದೆವು. ತಿಂಗಳೊಳಗೆ ಅದೇ ಕಾಲು ಮತ್ತೆ ಉಳುಕಿತು.

ಕಾಲು ಉಳುಕಿದಾಗ ಪಾದದ ಕೀಲಿನ ಹೊರಬದಿಯ ಲಿಗಮೆಂಟ್ ಎಳೆದುಹೋಗುತ್ತದೆ. ಪಾದ ಓರೆಯಾಗುವುದನ್ನು ಮೆದುಳಿಗೆ ತಿಳಿಸುವ ಸೂಚನೆಯೂ ಮಂಕಾಗುತ್ತದೆ. ಅದು ಮರಳುವುದು ಅಭ್ಯಾಸದಿಂದ.

ನೋವಿಲ್ಲದೆ ನಿಲ್ಲಲು ಬಂದ ಮೇಲೆ, ಗೋಡೆ ಪಕ್ಕ ಒಂಟಿಕಾಲಲ್ಲಿ 30 ಸೆಕೆಂಡು ನಿಲ್ಲಿ. ದಿನಾ ಮೂರು ಸಲ. ಸುಲಭವಾದರೆ ದಿಂಬಿನ ಮೇಲೆ, ಆಮೇಲೆ ಕಣ್ಣು ಮುಚ್ಚಿ. ಜೊತೆಗೆ ಹಿಮ್ಮಡಿ ಎತ್ತಿ ಇಳಿಸಿ. ಆರು ವಾರ ಬಿಡಬೇಡಿ. ಆದರೆ ಉಳುಕಿದಾಗ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ ಮಾಡಿಸಿ.

ರಜೆಯ ಲೆಕ್ಕವೂ ಗೊತ್ತಿರಲಿ. ಯುಎಇ ಕಾನೂನಿನ ಪ್ರಕಾರ ಪ್ರೊಬೇಶನ್ ಮುಗಿದವರಿಗೆ ವರ್ಷಕ್ಕೆ 90 ದಿನ ಸಿಕ್ ಲೀವ್: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಸಂಬಳವಿಲ್ಲ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು, ಡಾಕ್ಟರ್ ಚೀಟಿ ಕೊಡಬೇಕು. ಸಂಬಳದ ಪಟ್ಟಿ ಬರೆಯುವ ನಾವೇ ಅದನ್ನು ಬಳಸಲಿಲ್ಲ!

ನೆಲದ ಮೇಲೆ ಒಂಟಿಯಾಗಿ ನಿಲ್ಲದ ಕಾಲನ್ನು ಏಣಿ ಹತ್ತಿಸಬೇಡಿ.